ಕಂಬಕ್ಕೆ ಒಂದು ತಂಬಿಗೆ ನೀರು

ನಮ್ಮ ದಾಳಿಂಬೆ ತೋಟದ ನಡುವೆ ಸೆನ್ಸರ್ ಕಂಬ ನೆಡಿಸಿದವಳು ನಾನೇ. ಕುಷ್ಟಗಿ ಕಡೆಯ ಬಿಸಿಲು ಮೊದಲೇ ಕೆಟ್ಟದ್ದು, ಈಗೀಗ ಶಿವರಾತ್ರಿಗೂ ಕಾಯದೆ ಬಂದು ಕೂರುತ್ತದೆ. ಬೋರಿನ ನೀರು ವರ್ಷವರ್ಷಕ್ಕೂ ಸಣ್ಣಗಾಗುತ್ತಿದೆ. ಕಂಬದ ಬುಡದಲ್ಲಿ ಹೂತ ಸೆನ್ಸರ್ ಮಣ್ಣಿನ ಹಸಿ ನೋಡಿ ನನ್ನ ಮೊಬೈಲಿಗೆ ತಿಳಿಸುತ್ತದೆ, ಒಣಗಿದೆ ಎಂದಾಗ ಮಾತ್ರ ಮೋಟಾರ್ ಹಾಕಬೇಕು. ಗಂಡ ಪ್ರಭುರಾಜನಿಗೆ ಇದು ಹಿಡಿಸಲಿಲ್ಲ, ಗೊಣಗಿದ.

"ಈ ಸಲ ಅದು ಹೇಳಿದಂಗ ನಡಿಯೂಣ್ರಿ. ಹೂ ಉದುರಿದ್ರ ಕಂಬಾನ ನೀವ ಕಿತ್ತು ಒಗೀರಿ" ಎಂದು ಅವನ ಬಾಯಿ ಮುಚ್ಚಿಸಿದ್ದೆ.

ಗಿಡಗಳು ಮೈತುಂಬ ಹೂ ಬಿಟ್ಟವು. ಆಮೇಲೆ ಎಲೆ ಜೋತುಬಿದ್ದು ಹೂ ಉದುರತೊಡಗಿತು. ಮೊಬೈಲಿನದು ಮಾತ್ರ ದಿನಾ ಒಂದೇ ರಾಗ: ಮಣ್ಣು ಹಸಿಯಾಗಿದೆ, ನೀರು ಬೇಡ.

"ಶೈಲಾ, ನಿನ್ನ ಕಂಬ ಬರೇ ಸುಳ್ಳ ಹೇಳತೈತಿ. ನಾಳಿ ಮುಂಜಾನಿ ಕಿತ್ತ ಹಾಕ್ತೀನಿ" ಎಂದ ಪ್ರಭುರಾಜ. ಮಾತು ಕೊಟ್ಟವಳು ನಾನೇ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಬೆಳಿಗ್ಗೆ ಅವನು ಹಾರೆ ಹೊತ್ತು ಹೊರಟ. ನಾನು ಹಿಂದೆ ಹಿಂದೆ ಓಡಿದೆ. ಕಂಬದ ಹತ್ತಿರ ನಮಗಿಂತ ಮೊದಲೇ ಅತ್ತೆ ವಿರೂಪಾಕ್ಷಮ್ಮ ನಿಂತಿದ್ದರು. ಕಂಬಕ್ಕೆ ವಿಭೂತಿ ಬಳಿದು, ಕಣಗಿಲೆ ಹೂ ಸಿಗಿಸಿ, ಬುಡಕ್ಕೆ ತಂಬಿಗೆಯಿಂದ ನೀರು ಹಾಕುತ್ತಿದ್ದರು.

"ಯವ್ವಾ, ಏನ ಮಾಡಾಕತ್ತಿ?" ಎಂದ ಪ್ರಭುರಾಜ.

"ಕಾಣವಲ್ದೇನು? ಹೊಲಕ್ಕ ಹೊಸಾದು ಬಂದ್ರ ಪೂಜಿ ಮಾಡಬೇಕಲ್ಲ. ನೀವು ಮೊದಲನೇ ದಿನ ಒಂದ ಕಾಯಿ ಒಡದು ಮರತ್ರಿ. ಪಾಪ, ಇಂಥಾ ಬಿಸಿಲಾಗ ಒಂದ ನಿಂತಿರತೈತಿ. ದಿನಾ ಒಂದ ತಂಬಿಗಿ ತಣ್ಣೀರ ಹಾಕಿ ಹೋಗ್ತೀನಿ."

ಪ್ರಭುರಾಜ ಬಗ್ಗಿ ಕಂಬದ ಬುಡ ಕೆದಕಿದ. ಕೆಸರು. ಎರಡು ಮಾರು ಆಚೆ ಕೆದಕಿದ. ಬರೀ ಧೂಳು. ಹಾರೆ ಬಿಟ್ಟು ಬದುವಿನ ಮೇಲೆ ಕೂತು ನಗತೊಡಗಿದ. ನನಗೂ ನಗು ತಡೆಯಲಾಗಲಿಲ್ಲ.

ಅತ್ತೆ ನಗಲಿಲ್ಲ. ಅವರ ತಂಬಿಗೆ ನೀರು ನೋಡಿಯೇ ಸೆನ್ಸರ್ ದಿನಾ ಹಸಿ ಎನ್ನುತ್ತಿತ್ತೆಂದು ನಾನು ಬಿಡಿಸಿ ಹೇಳಿದ ಮೇಲೆ ಅವರ ಮುಖ ಸಣ್ಣದಾಯಿತು. "ಹಂಗಾರ ಹೂ ಉದುರಿದ್ದು ನನ್ನಿಂದನ?"

ಬಿಸಿಲಲ್ಲಿ ನಿಂತ ಕಂಬಕ್ಕೂ ಮರುಗುವ ಜೀವವನ್ನು ಬೈಯುವುದಾದರೂ ಹೇಗೆ?

"ಇನ್ನೂ ಮೊಗ್ಗಿ ಭಾಳ ಅದಾವ್ರಿ, ಅತ್ತಿ. ನಿಮ್ಮ ಮೊಬೈಲ್ ಇತ್ತಾಗ ಕೊಡ್ರಿ" ಎಂದೆ. ಕಂಬದ ಸುದ್ದಿ ಇನ್ನು ಮೇಲೆ ಅವರ ಮೊಬೈಲಿಗೇ ಹೋಗುವಂತೆ ಮಾಡಿದೆ. ಆವತ್ತೇ ಮೋಟಾರ್ ಹಾಕಿ ತೋಟಕ್ಕೆಲ್ಲ ನೀರು ಬಿಟ್ಟೆವು. ಗಿಡಗಳು ತಲೆ ಎತ್ತಿದವು.

ಕೆಲವು ದಿನ ಕಳೆದಿತ್ತು. ಪ್ರಭುರಾಜ ಚಹಾಕ್ಕೆ ಕಾದು ಕೂತಿದ್ದ, ಅತ್ತೆ ಒಲೆಯ ಮುಂದಿದ್ದರು. ಅವರ ಮೊಬೈಲ್ ಟಿಣ್ ಎಂದಿತು. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು: ಮಣ್ಣು ಒಣಗಿದೆ, ನೀರು ಬಿಡಿ. ಚಹಾದ ಪಾತ್ರೆ ಕೆಳಗಿಳಿಸಿ, ಸೆರಗು ಸಿಗಿಸಿ, ಮೋಟಾರಿನ ಕಡೆ ನಡೆದೇಬಿಟ್ಟರು.

"ಯವ್ವಾ, ನನ್ನ ಚಾ?"

"ತಡಿ. ಮೊದಲ ಅದು ಕೇಳೈತಿ."