ಅದ್ದಿ ತೆಗೆಯುವಷ್ಟು ಹೊತ್ತು

ಮೇಣದ ಕೋಣೆಯಲ್ಲಿ ಬೆಳಗು ಹಂಡೆಯೊಳಗಿನಿಂದ ಏಳುತ್ತಿತ್ತು. ಒಲೆಯ ಮೇಲಿನ ದೊಡ್ಡ ಹಂಡೆಯಲ್ಲಿ ನೀರು ಕಾದು, ಆ ನೀರಿನಲ್ಲಿ ಕೂರಿಸಿದ ಆಳವಾದ ತಾಮ್ರದ ಪಾತ್ರೆಯೊಳಗೆ ಮೇಣ ಮೆಲ್ಲಗೆ ಸಡಿಲಾಗಿ, ಹಳದಿಯಾಗಿ, ಕೊನೆಗೆ ಎಣ್ಣೆಯಂತೆ ತಿಳಿಯಾದಾಗ ಗೋಡೆಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದವು. ಎಲ್ಲೋ ಹೂವಿನ ಬಯಲಲ್ಲಿ ಇರಬೇಕಾದ ಜೇನ್ನೊಣಗಳು ಬಂದು ಕಿಟಕಿಯ ಜಾಲರಿಗೆ ಮೂತಿ ಒತ್ತಿ ಗುಂಯ್‌ಗುಡುತ್ತಿದ್ದವು. ತಮ್ಮ ಮನೆ ಇಲ್ಲಿಗೆ ಹೇಗೆ ಬಂತೆಂದು ಅವಕ್ಕೆ ತಿಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ಇಬ್ಬರೇ ಹೆಂಗಸರು. ಚರ್ಚಿಗೆ ಬೇಕಾದ ಮೇಣದಬತ್ತಿಗಳನ್ನೆಲ್ಲ ಮಾಡುವವರು ಅವರೇ. ಅತ್ತೆ ಪಕ್ಕದ ಕೋಣೆಯ ಮಂಚದ ಮೇಲೆ ಒರಗಿ ನೂಲು ಹೆಣೆದು ಬತ್ತಿ ಹೊಸೆಯುತ್ತಿದ್ದಳು. ಸೊಸೆ ಮೇಣ ಕಾಯಿಸಿ ಅದ್ದುತ್ತಿದ್ದಳು. ಅತ್ತೆಯ ಸೊಂಟದ ಕೆಳಗಿನದೆಲ್ಲ ಸತ್ತು ಎಷ್ಟೋ ಕಾಲವಾಗಿತ್ತು. ಮಗ ಕಲ್ಲುಗಣಿಯಲ್ಲಿ ತೀರಿಹೋದ ಮರುವರ್ಷವೇ ಅವಳು ಚರ್ಚಿನ ಹಿಂದಿನ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದಳು. ಕೈ ಚೆನ್ನಾಗಿತ್ತು, ಕಣ್ಣು ಪರವಾಗಿಲ್ಲ, ನಾಲಿಗೆಯಂತೂ ಮೊದಲಿಗಿಂತ ಚುರುಕಾಗಿತ್ತು. ಕಾಲಿಗೆ ಹೋಗಬೇಕಾದ ಜೀವವೆಲ್ಲ ಅಲ್ಲಿಗೇ ಏರಿದೆ ಎಂದು ಸೊಸೆಗೆ ಎಷ್ಟೋ ಸಲ ಅನ್ನಿಸಿತ್ತು.

ಮೇಣದಬತ್ತಿ ಮಾಡುವುದೆಂದರೆ ಹೇಳಲು ಸುಲಭ. ಮರದ ಚೌಕಟ್ಟಿಗೆ ಬತ್ತಿಗಳನ್ನು ಸಾಲಾಗಿ ಇಳಿಬಿಟ್ಟು, ಕರಗಿದ ಮೇಣದಲ್ಲಿ ಮುಳುಗಿಸಿ ಎತ್ತುವುದು. ಒಂದು ಪದರ ಹಿಡಿಯುತ್ತದೆ. ತೂಗುಹಾಕಿ, ಆರಿದ ಮೇಲೆ ಮತ್ತೊಂದು ಸಲ. ಹಾಗೆ ಪದರದ ಮೇಲೆ ಪದರ ಕೂತು ಕೊನೆಗೆ ಬೆರಳಿನ ಗಾತ್ರಕ್ಕೆ ಬರುತ್ತದೆ. ಕಷ್ಟವಿರುವುದೆಲ್ಲ ಮುಳುಗಿಸಿದ ಹೊತ್ತಿನಲ್ಲಿ. ಬೇಗ ಎತ್ತಿದರೆ ಮೇಣ ಹಿಡಿಯುವುದಿಲ್ಲ, ತಡವಾಗಿ ಎತ್ತಿದರೆ ಹಿಂದಿನ ಪದರವೂ ಕರಗಿಹೋಗುತ್ತದೆ. ಆ ಹೊತ್ತನ್ನು ಅಳೆಯಲು ಈ ಮನೆಯಲ್ಲಿ ಮೊದಲಿನಿಂದ ಒಂದು ಪ್ರಾರ್ಥನೆಯಿತ್ತು. "ಯೇಸುವೇ" ಎನ್ನುತ್ತ ಇಳಿಸಬೇಕು, "ಕರುಣಿಸು" ಎನ್ನುತ್ತ ಎತ್ತಬೇಕು. ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಭಕ್ತಿಯಿಂದ ಅದನ್ನು ಎಳೆದೆಳೆದು ಹೇಳಲು ಹೋದಾಗ ಅತ್ತೆ, "ಗಾಯನ ಮಾಡಬೇಡ ಕಣೇ, ಮೇಣ ನಿನಗೋಸ್ಕರ ಕಾಯ್ತಾ ಕೂರಲ್ಲ. ದೇವರಿಗೆ ಕಿವಿ ಚೆನ್ನಾಗೇ ಕೇಳುತ್ತೆ," ಎಂದು ಗದರಿದ್ದಳು.

ಈಗ ಸೊಸೆಗೆ ಆ ಎರಡು ಮಾತು ಪ್ರಾರ್ಥನೆ ಎನ್ನುವುದೇ ಮರೆತುಹೋಗಿತ್ತು. ಉಸಿರಾಡಿದಂತೆ ಬಾಯಿ ಹೇಳುತ್ತಿತ್ತು. ನಿಜವಾದ ಪ್ರಾರ್ಥನೆ ತನ್ನಲ್ಲಿ ಬತ್ತಿಹೋಗಿದೆಯೆಂದು ಅವಳಿಗೆ ಒಳಗೊಳಗೇ ಭಯ. ಮೊದಲೆಲ್ಲ ಮಂಡಿಯೂರಿದರೆ ಎದೆ ತುಂಬಿಬರುತ್ತಿತ್ತು. ಈಗ ಮಂಡಿಯೂರಿದರೆ ಮಂಡಿ ನೋಯುತ್ತಿತ್ತು, ಅಷ್ಟೇ. ಅತ್ತೆಯನ್ನು ಮಗ್ಗುಲು ತಿರುಗಿಸಬೇಕು, ಒರೆಸಬೇಕು, ಬೆನ್ನು ಹುಣ್ಣಾಗದಂತೆ ಪುಡಿ ಹಾಕಬೇಕು, ಹಾಸಿಗೆ ಒಗೆಯಬೇಕು, ಮತ್ತೆ ಮಗ್ಗುಲು ತಿರುಗಿಸಬೇಕು. ನಿದ್ದೆ ಎಂಬುದು ಹರಿದ ಬಟ್ಟೆಯ ಹಾಗೆ ತುಂಡುತುಂಡಾಗಿ ಸಿಗುತ್ತಿತ್ತು. ಹಗಲಲ್ಲೂ ಅದರ ಒಂದು ಚೂರು ಕಣ್ಣಿಗೆ ಅಂಟಿಕೊಂಡೇ ಇರುತ್ತಿದ್ದುದರಿಂದ ಅವಳಿಗೆ ಲೋಕವೆಲ್ಲ ಮೇಣದ ಆವಿಯ ಆಚೆಗಿರುವಂತೆ ಕಾಣುತ್ತಿತ್ತು.

ಹಾಲಿನ ವ್ಯಾನು ಓಡಿಸುವ ಅವಳ ಅಣ್ಣ ಹೋದ ವಾರ ಬಂದವನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ್ದ.

"ನೋಡಮ್ಮ, ಪೇಟೆಯ ಸಿಸ್ಟರುಗಳು ನಡೆಸೋ ವೃದ್ಧಾಶ್ರಮದಲ್ಲಿ ಒಂದು ಮಂಚ ಖಾಲಿಯಾಗಿದೆ. ಶನಿವಾರದ ತನಕ ಇಟ್ಟಿರ್ತೀವಿ ಅಂದಿದ್ದಾರೆ. ನಿನ್ನತ್ತೆಯನ್ನ ಅಲ್ಲಿ ಬಿಡೋಣ, ನೀನು ನಮ್ಮನೆಗೆ ಬಾ. ಕನ್ನಡೀಲಿ ಮುಖ ನೋಡ್ಕೊಂಡು ಎಷ್ಟು ದಿನ ಆಯ್ತು ನೀನು?"

"ಕನ್ನಡಿಗೆ ನನ್ನ ನೋಡಿ ಹೆದರಿಕೆ ಆಗುತ್ತೆ, ಬಿಡು."

"ತಮಾಷೆ ಬೇಡ. ಶನಿವಾರ ಮಧ್ಯಾಹ್ನ ವ್ಯಾನು ತರ್ತೀನಿ. ಹೂಂ ಅಥವಾ ಊಹೂಂ, ಒಂದು ಮಾತು ಹೇಳು."

ಅವನು ಕೆಟ್ಟವನಲ್ಲ. ಸಿಸ್ಟರುಗಳೂ ಒಳ್ಳೆಯವರೇ. ಅದೇ ತೊಂದರೆಯಾಗಿತ್ತು. ಊಹೂಂ ಎನ್ನಬೇಕಾದರೆ ಇನ್ನು ಮುಂದೆ ಬರುವ ವರ್ಷಗಳನ್ನೆಲ್ಲ ಹೊರುತ್ತೇನೆಂದು ಮಾತು ಕೊಡಬೇಕು. ಅಷ್ಟು ಶಕ್ತಿ ತನ್ನಲ್ಲಿದೆಯೇ ಎಂದು ಅವಳು ಹುಡುಕಿದಳು. ಸಿಗಲಿಲ್ಲ. ಹೂಂ ಎನ್ನೋಣವೆಂದರೆ, ಮಗ್ಗುಲು ಬದಲಿಸುವಾಗ ತನ್ನ ಕತ್ತಿಗೆ ಸುತ್ತಿಕೊಳ್ಳುವ ಆ ಒಣಗಿದ ಕೈಗಳು ನೆನಪಾಗುತ್ತಿದ್ದವು.

ಶನಿವಾರ ಬಂದೇಬಂತು. ಮರುದಿನದ ಚರ್ಚಿನ ಪೂಜೆಗೆ ಬೇಕಾದ ಬತ್ತಿಗಳಿಗೆ ಮೂಡಣ ಬೆಳ್ಳಗಾಗುವ ಮೊದಲೇ ಮೇಣ ಹಿಡಿಸಲು ಶುರುಮಾಡಿದ್ದಳು. ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಒಳ್ಳೆಯ ಗಾತ್ರಕ್ಕೆ ಬಂದು, ಹಾಲುಗೆನೆಯ ಬಣ್ಣ ತಳೆದು ತೂಗುತ್ತಿದ್ದವು. ಇನ್ನು ಕೆಲವು ಪದರ ಸಾಕು.

ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತ ಅವಳು "ಯೇಸುವೇ" ಎಂದಳು. ಇವತ್ತು ಮಾತು ಅಲ್ಲಿಗೆ ನಿಲ್ಲಲಿಲ್ಲ. ಯೇಸುವೇ, ನನಗೊಂದು ಉತ್ತರ ಕೊಡು. ಮುಂದಿನ ವರ್ಷಗಳಿಗೆಲ್ಲ ಆಗುವಷ್ಟು ಶಕ್ತಿಯನ್ನು ಈಗಲೇ ಒಟ್ಟಿಗೆ ಕೊಟ್ಟುಬಿಡು, ನನಗೆ ಕಾಣುವ ಹಾಗೆ, ಕೈಯಲ್ಲಿ ಹಿಡಿದು ಅಣ್ಣನಿಗೆ ತೋರಿಸುವ ಹಾಗೆ ಕೊಡು. ಇಲ್ಲವಾದರೆ ಇಲ್ಲ ಎಂದು ಹೇಳಿಬಿಡು, ನಾನು ಹೋಗುತ್ತೇನೆ. ಹೀಗೆ ಬಹುಕಾಲದ ಮೇಲೆ ಪ್ರಾರ್ಥನೆ ತಾನಾಗಿ ಉಕ್ಕಿಬಂದಿತು. ಬಂದದ್ದು ನಿಲ್ಲಲಿಲ್ಲ. ಆವಿ ಮುಖಕ್ಕೆ ಬಡಿಯುತ್ತಿತ್ತು, ಜೇನ್ನೊಣಗಳ ಗುಂಯ್ ಎಲ್ಲೋ ದೂರದ ಹಾಡಿನಂತೆ ಹರಡುತ್ತಿತ್ತು, ರೆಪ್ಪೆಗಳು ಭಾರವಾಗಿ ಇಳಿದವು.

ಅವಳು ಹಳದಿ ಬಯಲೊಂದರಲ್ಲಿ ನಿಂತಿದ್ದಳು. ಬಯಲಿಗೆ ಅಂಚಿರಲಿಲ್ಲ, ದಾರಿಯೂ ಇರಲಿಲ್ಲ. ಮುಂದೆ ಒಬ್ಬನು ನಡೆಯುತ್ತಿದ್ದ, ಮೈಮೇಲೆ ಬಡಗಿಯ ಹಳೇ ಅಂಗಿ. ಅವನು ಪಾದ ಊರಿದಲ್ಲಿ ಊರಿದಷ್ಟೇ ನೆಲ ಗಟ್ಟಿಯಾಗುತ್ತಿತ್ತು, ಅದರಾಚೆ ಎಲ್ಲವೂ ಬೆಚ್ಚಗಿನ ಮಂಜು. ಅವಳು ಅವನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹೋದಳು. ಹೋಗುತ್ತ ಹೋಗುತ್ತ ಕೋಪ ಬಂತು. "ಎಲ್ಲಿ ತನಕ ಹೋಗಬೇಕು? ದಾರಿ ಪೂರ್ತಿ ತೋರಿಸಬಾರದಾ?" ಎಂದು ಕೂಗಿದಳು. ಅವನು ನಿಂತ. ತಿರುಗಿ ನೋಡಿದ್ದು ಅವಳ ಮುಖವನ್ನಲ್ಲ, ಅವಳ ಕಾಲನ್ನು. ದಣಿದು ಬಂದ ಮಗುವಿನ ಕಾಲನ್ನು ತಾಯಿ ನೋಡುವ ಹಾಗೆ ನೋಡಿದ. ಆಮೇಲೆ ಕೈ ಚಾಚಿದ. ಅಂಗೈಯ ನಡುವೆ ಮಾಗಿದ ಗಾಯದ ಗುರುತು. ಅವಳು ಅದನ್ನು ಹಿಡಿಯಬೇಕು, ಅಷ್ಟರಲ್ಲಿ...

"ಲೇ! ಎಲ್ಲಿ ಸತ್ತೆ? ವಾಸನೆ ಬದಲಾಯ್ತಲ್ಲೇ! ಎತ್ತೇ ಅದನ್ನ!"

ಅತ್ತೆಯ ಕೂಗಿಗೆ ಬೆಚ್ಚಿ ಚೌಕಟ್ಟನ್ನು ಎತ್ತಿದಳು. ಹಗುರವಾಗಿತ್ತು. ಬೆಳಗಿನಿಂದ ಕೂಡಿಸಿದ ಪದರಗಳೆಲ್ಲ ಪಾತ್ರೆಗೆ ವಾಪಸು ಹೋಗಿ, ಬರೀ ಬತ್ತಿಗಳು ಒದ್ದೆ ದಾರದಂತೆ ತೊಟ್ಟಿಕ್ಕುತ್ತ ಜೋತುಬಿದ್ದಿದ್ದವು.

ಅವಳು ಅದನ್ನು ತೂಗುಹಾಕಿ, ಮಂಚದ ಹತ್ತಿರ ಬಂದು ನೆಲದ ಮೇಲೆ ಕುಕ್ಕರಿಸಿದಳು. ಅಳು ಬರಲಿಲ್ಲ.

"ಪೂರ್ತಿ ಹೋಯ್ತಾ?" ಅತ್ತೆ ಕೇಳಿದಳು.

"ಪೂರ್ತಿ."

"ನಿದ್ದೆ ಬಂತಾ?"

"ಪ್ರಾರ್ಥನೆ ಮಾಡ್ತಾ ಇದ್ದೆ, ಅತ್ತೆ."

ಮುದುಕಿ ಅವಳನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ತಡೆಯಲಾಗಲಿಲ್ಲ. "ಪ್ರಾರ್ಥನೆ ಮಾಡಿ ಚರ್ಚಿನ ಬತ್ತೀನ ಕರಗಿಸಿದವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು ಕಣೇ! ಫಾದರ್ ಕೇಳಿದ್ರೆ ಏನಂತ ಹೇಳ್ತೀಯ, ಭಕ್ತಿ ಜಾಸ್ತಿ ಆಯ್ತು ಅಂತಲಾ?"

ಸೊಸೆಗೂ ನಗು ಬಂತು. ನಗುತ್ತ ನಗುತ್ತ, ಎಲ್ಲೋ ಅಡಗಿದ್ದ ಅಳುವೂ ಬಂತು. ಅತ್ತೆ ಕೈ ಚಾಚಿ ಅವಳ ನೆತ್ತಿ ಸವರಿದಳು, ಆಮೇಲೆ ಅದೇ ಕೈಯಿಂದ ಒಂದು ಮೊಟಕೂ ಕೊಟ್ಟಳು.

"ಏಳು. ಹಂಡೆ ನೀರಿಗೆ ತಣ್ಣೀರು ಬೆರೆಸು, ಮೇಣ ತೀರಾ ಕಾದಿದೆ. ಬಿಸಿಲಿಳಿಯೋದಕ್ಕೆ ಬೇಕಾದಷ್ಟು ಹೊತ್ತಿದೆ."

ಅವಳು ಎದ್ದಳು. ಮೇಣ ತಣಿಯುವವರೆಗೆ ಕಾದಳು. ಚೌಕಟ್ಟನ್ನು ಮತ್ತೆ ಕೈಗೆತ್ತಿಕೊಂಡಳು. ಹೊಸ ಮಾತೊಂದೂ ನಾಲಿಗೆಗೆ ಬರಲಿಲ್ಲ. ಅಷ್ಟೊಂದು ಬೇಡಿದ ಮೇಲೆ ಒಳಗೆಲ್ಲ ಖಾಲಿ. ಯೇಸುವೇ, ಕರುಣಿಸು. ಚೌಕಟ್ಟು ಇಳಿಯಿತು, ಎದ್ದಿತು. ತೂಗುಹಾಕಿದಳು. ಆರಿತು. ಯೇಸುವೇ, ಕರುಣಿಸು.

ಹಾಗೆ ಇಳಿಸಿ ಎತ್ತುತ್ತಿರುವಾಗ ಅವಳಿಗೆ ಒಂದೊಂದೇ ನೆನಪಾಗತೊಡಗಿತು. ಗಂಡನ ಹೆಣ ಮನೆಗೆ ಬಂದ ವಾರ ಅವಳು ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು, ಆದರೆ ಚರ್ಚಿಗೆ ಬತ್ತಿ ಬೇಕಾಗಿತ್ತು, ಅದ್ದಿದ್ದಳು. ಅತ್ತೆ ಬಿದ್ದ ದಿನವೂ, ಅತ್ತೆಗೆ ಜ್ವರ ನೆತ್ತಿಗೇರಿ ತನ್ನನ್ನು ಕಳ್ಳಿ ಎಂದು ಬೈದ ದಿನವೂ, ತಾನೇ ಜ್ವರದಲ್ಲಿ ನಡುಗುತ್ತ ಗೋಡೆ ಹಿಡಿದು ನಿಂತ ದಿನವೂ ಅದ್ದಿದ್ದಳು. ಪ್ರಾರ್ಥನೆ ಬತ್ತಿತೆಂದುಕೊಂಡ ಆ ವರ್ಷಗಳಲ್ಲೆಲ್ಲ ಈ ಬಾಯಿ ಏನು ಹೇಳುತ್ತಿತ್ತು? ಕರೆದ ಪ್ರತಿ ಸಲವೂ ಯೇಸು ಬಂದಿದ್ದನೇ? ಬರದಿದ್ದರೆ ಅವಳು ಮರುದಿನ ಎದ್ದದ್ದಾದರೂ ಹೇಗೆ? ಯಾವ ದಿನವೂ ಎರಡು ದಿನದ ಶಕ್ತಿ ಸಿಕ್ಕಿರಲಿಲ್ಲ, ನಿಜ. ಒಂದು ದಿನದ್ದು ತಪ್ಪಿದ್ದೂ ಇರಲಿಲ್ಲ. ಅವನು ಶಿಷ್ಯರಿಗೆ ಕಲಿಸಿಕೊಟ್ಟ ಪ್ರಾರ್ಥನೆಯಲ್ಲೂ ಕೇಳುವುದು ಒಂದು ದಿನದ ಅನ್ನವನ್ನಷ್ಟೇ ಅಲ್ಲವೇ? ಕಣಜ ತುಂಬಿಸಿಕೊಡು ಎಂದು ತಾನು ಹಟ ಹಿಡಿದಿದ್ದಳಲ್ಲ!

ಕೋಣೆ ಮತ್ತೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಬಯಲಿನ ಆ ಮನುಷ್ಯ ಇಲ್ಲೇ ಎಲ್ಲೋ, ಆವಿಯ ಆಚೆ ಬೆನ್ನು ತಿರುಗಿಸಿ ಮೆಲ್ಲಗೆ ನಡೆಯುತ್ತಿರುವಂತೆ ಅವಳಿಗೆ ಅನ್ನಿಸಿತು. ಅವಳು ಕೂಗಿ ಕರೆಯಲಿಲ್ಲ.

ಮಧ್ಯಾಹ್ನ ಬಿಸಿಲು ವಾಲುವಾಗ ಹೊರಗೆ ವ್ಯಾನು ನಿಂತ ಸದ್ದಾಯಿತು. ಅಣ್ಣ ಹಾಲಿನ ವಾಸನೆಯೊಂದಿಗೆ ಒಳಗೆ ಬಂದ. ಅವಳು ಕೈಯೊರೆಸಿಕೊಂಡು ಅವನ ಹಿಂದೆಯೇ ಮಂಚದ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತಳು. ಅತ್ತೆ ಒಗೆದ ಸೀರೆಯನ್ನು ಮೈಮೇಲೆ ಹೇಗೋ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಎದೆಯ ಮೇಲೆ ಒಂದು ಸಣ್ಣ ಬಟ್ಟೆಯ ಗಂಟು ಇಟ್ಟುಕೊಂಡು ತಯಾರಾಗಿದ್ದಳು.

"ಏನತ್ತೆ ಇದು?"

"ಕಾಲು ಹೋಗಿದೆ, ಕಿವಿ ಹೋಗಿಲ್ಲ. ಹಿತ್ತಲ ಕಿಟಕಿ ನನ್ನ ತಲೆ ಹತ್ತಿರಾನೇ ಇದೆ," ಎಂದಳು ಮುದುಕಿ. ಆಮೇಲೆ ಅಣ್ಣನ ಕಡೆ ತಿರುಗಿ, "ಏನಪ್ಪಾ, ಕ್ಯಾನುಗಳ ಮಧ್ಯೆ ಜಾಗ ಮಾಡಿದ್ದೀಯಾ? ದಾರೀಲಿ ಕುಲುಕಿದ್ರೆ ಬೆಣ್ಣೆಯಾಗಿಬಿಡ್ತೀನಿ ಮತ್ತೆ," ಎಂದಳು. ಧ್ವನಿ ಗಟ್ಟಿಯಾಗೇ ಇತ್ತು. ಬೆರಳುಗಳು ಮಾತ್ರ ಗಂಟಿನ ತುದಿಯನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದವು.

ಅಣ್ಣ ನಗಲು ನೋಡಿದ, ಆಗಲಿಲ್ಲ. ತಂಗಿಯನ್ನು ನೋಡಿದ. "ಏನಮ್ಮ? ಹೂಂ ತಾನೇ?"

"ಇವತ್ತಿಗೆ ಬೇಡಣ್ಣ."

"ಇವತ್ತಿಗೆ ಬೇಡ ಅಂದ್ರೆ? ನಾಳೆ ತನಕ ಮಂಚ ಇಡಲ್ಲ ಅವರು."

"ಬೇರೆಯವರಿಗೆ ಕೊಡ್ಲಿ. ಯಾರಿಗೋ ಬೇಕಾಗಿರುತ್ತೆ."

"ಅಂದ್ರೆ ಸಾಯೋ ತನಕ ಹೀಗೇ ಇರ್ತೀನಿ ಅಂತೀಯಾ? ನಿನಗೆ ಸಾಕಾಗಿಲ್ವಾ?"

"ಸಾಕಾಗಿದೆ. ಬೆಳಗ್ಗೆಯೇ ಸಾಕಾಗಿತ್ತು." ಅವಳು ಬಾಗಿಲಿನ ಚೌಕಟ್ಟಿಗೆ ಒರಗಿದಳು. "ಸಾಯೋ ತನಕ ಅಂತ ನಾನೆಲ್ಲಿ ಹೇಳ್ದೆ? ಅಷ್ಟು ಶಕ್ತಿ ನನ್ನ ಹತ್ರ ಇಲ್ಲ, ಇದ್ದಿದ್ರೆ ನಿನಗೇ ತೋರಿಸ್ತಿದ್ದೆ. ಇವತ್ತಿಗೆ ಆಗುವಷ್ಟು ಇದೆ. ನಾಳೇದನ್ನ ನಾಳೆ ಕೇಳ್ಕೊಳ್ತೀನಿ. ನೀನು ಬೇಕಾದ್ರೆ ಮುಂದಿನ ಶನಿವಾರ ಬಂದು ಕೇಳು."

"ಆಗ ಏನು ಹೇಳ್ತೀಯ?"

"ನನಗೇನು ಗೊತ್ತು? ಶನಿವಾರ ಆಗಬೇಕಲ್ಲ."

ಅಣ್ಣ ಅವಳ ಮುಖ ನೋಡಿದ. ತಂಗಿ ಸೋತಿದ್ದಳು, ಕಣ್ಣ ಕೆಳಗೆ ಕಪ್ಪು ಹಾಗೇ ಇತ್ತು, ಆದರೆ ಹೋದ ವಾರ ಹಿತ್ತಲಲ್ಲಿ ನೆಲ ನೋಡುತ್ತ ನಿಂತವಳು ಇವಳಲ್ಲ. ಅವನು ತಲೆ ಕೆರೆದುಕೊಂಡ. "ಸರಿ. ಕೇಳ್ತೀನಿ. ಪ್ರತಿ ಶನಿವಾರಾನೂ ಬಂದು ಕೇಳ್ತೀನಿ, ಬೇಸರ ಮಾಡ್ಕೋಬೇಡ."

"ಬರಿಗೈಲಿ ಬಂದು ಕೇಳಬೇಡ," ಮಂಚದಿಂದ ಮಾತು ಬಂತು. "ಬೆಣ್ಣೆ ತಗೊಂಡು ಬಾ."

ವ್ಯಾನು ಹೋಯಿತು. ಧೂಳು ಬಿಸಿಲಿನಲ್ಲಿ ತೇಲಿ ಮೆಲ್ಲಗೆ ಬೀದಿಯ ಮೇಲೆ ಕೂತಿತು. ಅವಳು ಬಂದು ಮಂಚದ ಅಂಚಿನಲ್ಲಿ ಕುಳಿತಳು.

"ಅಲ್ಲಿ ವಾರಕ್ಕೊಂದು ಸಲ ಮಾಂಸ ಹಾಕ್ತಾರಂತೆ," ಅತ್ತೆ ಸೂರು ನೋಡುತ್ತ ಹೇಳಿದಳು. "ಅದನ್ನೂ ತಪ್ಪಿಸಿದೆ ನನಗೆ."

"ಹಲ್ಲೆಲ್ಲಿದೆ ನಿಮಗೆ?"

"ಸಾರು ಕುಡಿಯೋಕೆ ಹಲ್ಲು ಯಾಕೆ?" ಮುದುಕಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಹೆಗಲು ಒಂದು ಸಲ ಅಲುಗಿತು. ಕೊನೆಗೆ ಆ ಕಡೆ ತಿರುಗಿಕೊಂಡೇ ಗಂಟನ್ನು ಇವಳ ಮಡಿಲಿಗೆ ತಳ್ಳಿದಳು. "ಬಿಚ್ಚು ಅದನ್ನ. ಬಾಚಣಿಗೆ ಅದರೊಳಗೇ ಇದೆ. ಬೆಳಗಿನಿಂದ ತಲೆ ಕೆರೆದು ಸಾಕಾಗಿದೆ."