ಯಶೋದಾಳ ಕಣ್ಣಿನ ಮಂಜು

ಮುದುಕನಿಗೆ ಮರೆವು ಬಂದಿದೆ, ಹೋದ ಸಲದ ಕಥೆಯಲ್ಲಿ ಊರಿನ ಹೆಸರೇ ತಪ್ಪಿತ್ತು ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದೀರಿ. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರು ನೀವು, ನನ್ನ ನೆನಪಿನ ತಂಟೆ ನಿಮಗೆ ಬೇಡ. ಈಗ ಹೇಳುವುದು ಕೊಟ್ಟಿಗೆಹಾರದ ಆಚೆ, ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿರುವ ಯಶೋದಾಳ ಕಥೆ. ಒಂದು ಮಾತು ಹೆಚ್ಚುಕಡಿಮೆ ಅನ್ನಿಸಿದರೆ ಅವಳ ಅತ್ತೆ ಯಲ್ಲಮ್ಮನನ್ನೇ ಹೋಗಿ ಕೇಳಿ. ಆಯಮ್ಮ ಬೈಯದೆ ಉತ್ತರ ಕೊಟ್ಟರೆ ಅದು ನಿಮ್ಮ ಪುಣ್ಯ.

ಯಶೋದಾಳ ಕೆಲಸ ಕಾಯಿ ಹೆಕ್ಕುವುದು. ಕುಯ್ದ ಕಾಫಿಯನ್ನು ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ, ಹಾಕುವ ಮೊದಲು ಟಾರ್ಪಾಲಿನ ಮೇಲೆ ಸುರಿಯುತ್ತಾರೆ. ಕೆಂಪು ಹಣ್ಣಿನ ನಡುವೆ ಸೇರಿಕೊಂಡ ಹಸಿರು ಕಾಯಿಯನ್ನು ಕೈಯಲ್ಲಿ ಆರಿಸಿ ಬೇರೆ ಮಾಡಬೇಕು, ಇಲ್ಲದಿದ್ದರೆ ಕಾಫಿಯ ರುಚಿ ಕೆಡುತ್ತದೆ. ಆ ಟಾರ್ಪಾಲಿನ ತಲೆಯ ಜಾಗ ಯಶೋದಾಳದು. ಬೇರೆಯವರು ಹೆಕ್ಕಿದ್ದನ್ನು ಕೊನೆಗೆ ನೋಡಿ ಬಿಡುವವಳು ಅವಳು. ಅವಳ ಕಣ್ಣು ತಪ್ಪಿಸಿ ಒಂದು ಕಾಯಿಯೂ ಪಲ್ಪರಿಗೆ ಹೋಗುವುದಿಲ್ಲ ಎಂಬ ಹೆಸರಿತ್ತು.

ಹೋದ ವರ್ಷದ ಕುಯ್ಲಿನಲ್ಲಿ ಹೋಯಿತು. ಒಂದಲ್ಲ, ಬೊಗಸೆಗಟ್ಟಲೆ ಹೋಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಂದನ್ ಒಂದು ಹಿಡಿ ತಂದು ಅವಳ ಮುಂದೆ ಸುರಿದ.

"ಎಂತ ಯಶೋದಾ ಇದು? ಕಣ್ಮುಚ್ಕೊಂಡು ಹೆಕ್ತಿದ್ಯಾ?"

ಅವಳು ಒಂದು ಕಾಯಿ ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ವಾರದಿಂದ ಎಡಗಣ್ಣು ಅತ್ತಿತ್ತ ಹೊರಳಿಸಿದರೆ ನೋವು. ಕೆಂಪು ಹಣ್ಣೂ ಹಸಿರು ಕಾಯಿಯೂ ಒಂದೇ ತರ ಮಾಸಲು. ಮನೆಯಲ್ಲಿ ಹೇಳಿದಾಗ ಯಲ್ಲಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಗಂಡ ರವಿ ಮೂಡಿಗೆರೆಯಿಂದ ಒಂದು ರೆಡಿಮೇಡ್ ಕನ್ನಡಕ ತಂದ. ಮೆಣಸಿನಕಾಯಿಗೆ ಕೆಮ್ಮು ಬಂತು, ಕನ್ನಡಕಕ್ಕೆ ತಲೆನೋವು ಬಂತು, ಕಣ್ಣು ಹಾಗೇ ಉಳಿಯಿತು.

ಆರೋಗ್ಯ ಕೇಂದ್ರದ ರೇವತಿ ಸಿಸ್ಟರ್ ಲೈನಿಗೆ ಬಂದವರು ಇವಳ ಮುಖ ನೋಡಿ ನಿಂತರು. ಅಂಗಳದಲ್ಲಿ ಬಿದ್ದಿದ್ದ ಒಂದು ಕಾಫಿಹಣ್ಣು ಎತ್ತಿ ಹಿಡಿದರು.

"ಬಲಗಣ್ಣು ಮುಚ್ಕೋ. ಎಂತ ಬಣ್ಣ?"

"ಹಳೇ ಇಟ್ಟಿಗೆ ತರ ಇದೆ ಸಿಸ್ಟ್ರೇ."

"ಈಗ ಎಡಗಣ್ಣು ಮುಚ್ಕೋ."

"ಕೆಂಪು. ಕುಂಕುಮದ ಹಾಗೆ."

"ಹಣ್ಣು ಒಂದೇ, ಬಣ್ಣ ಎರಡು. ಇದು ಕನ್ನಡಕಕ್ಕೆ ಬಗ್ಗೋದಲ್ಲ ಮಾರಾಯ್ತಿ. ಕಣ್ಣಿನ ಹಿಂದಿನ ನರ ನೋಡ್ಬೇಕು. ನಾಳೆನೇ ದೊಡ್ಡಾಸ್ಪತ್ರೆಗೆ ಹೊರಡಿ."

ಹೊರಟರು. ಕಣ್ಣಿನ ಡಾಕ್ಟರು ನರದ ಡಾಕ್ಟರ ಹತ್ತಿರ ಕಳಿಸಿದರು, ಅವರು ತಲೆಯ ಸ್ಕ್ಯಾನ್ ಮಾಡಿಸಿದರು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ರವಿ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡ. ಡಾಕ್ಟರು ಅವನಿಗೆ ತಿಳಿಯುವ ಹಾಗೆ ಹೇಳಿದರು.

"ನಿಮ್ಮ ನೀರಿನ ಮೋಟರಿನ ವೈರಿಗೆ ಮೇಲೊಂದು ರಬ್ಬರ್ ಇರುತ್ತಲ್ಲ, ನರಕ್ಕೂ ಹಾಗೊಂದು ಹೊದಿಕೆ ಇದೆ. ಮೈಯನ್ನು ಕಾಯಬೇಕಾದ ಶಕ್ತಿನೇ ತಪ್ಪು ತಿಳಿದು ಆ ಹೊದಿಕೆನ ಅಲ್ಲಲ್ಲಿ ಸುಲಿದುಹಾಕಿದೆ. ಇದು ಅಂಟುರೋಗ ಅಲ್ಲ, ಯಾರ ಶಾಪನೂ ಅಲ್ಲ. ಪೂರ್ತಿ ಹೋಗಲಾಡಿಸುವ ಮದ್ದು ಇನ್ನೂ ಬಂದಿಲ್ಲ. ಆದರೆ ಮತ್ತೆ ಮತ್ತೆ ಬರೋದನ್ನ ಕಡಿಮೆ ಮಾಡುವ ಮದ್ದಿದೆ. ಅದನ್ನ ತಪ್ಪಿಸಬೇಡಿ."

ಇಂಜೆಕ್ಷನ್ ಆಯಿತು. ಮಳೆಗಾಲದ ಹೊತ್ತಿಗೆ ಕಣ್ಣು ಬಹುಪಾಲು ತಿಳಿಯಾಯಿತು. ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಕಣ್ಣು ಬಂತು, ಧೈರ್ಯ ಬರಲಿಲ್ಲ.

ಬೆಳಿಗ್ಗೆ ಎದ್ದವಳೇ ಯಶೋದಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುವಳು. ಒಂದು ಕಣ್ಣು ಮುಚ್ಚಿ ಓದುವಳು, ಇನ್ನೊಂದು ಮುಚ್ಚಿ ಓದುವಳು. ಒಲೆಗೆ ಸೌದೆ ಇಟ್ಟು ಬಂದು ಮತ್ತೆ ಓದುವಳು. ಅನ್ನ ಬಸಿದು ಮತ್ತೆ. ಎದೆ ಡವಗುಟ್ಟುವುದು, ಊಟ ಸೇರದು, ನಿದ್ದೆ ಹತ್ತದು. ಅಷ್ಟರಲ್ಲಿ ಕಾಫಿ ಹಣ್ಣಾಗತೊಡಗಿತು. ನಂದನ್ ಹೇಳಿ ಕಳಿಸಿದ: "ಮುಂದಿನ ವಾರ ಪಲ್ಪರ್ ಶುರು. ಬರೋದಾದ್ರೆ ಬಾ, ಇಲ್ಲಾಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ."

ಸೊಸೆಯ ಜಾಗ ಹೋಗುವುದು ಯಲ್ಲಮ್ಮನಿಗೂ ಬೇಕಿರಲಿಲ್ಲ. ಅದಕ್ಕೇ ಆಯಮ್ಮ ತನ್ನ ವೈದ್ಯ ಶುರು ಮಾಡಿದ್ದು.

"ಡಾಕ್ಟ್ರಿಗೆ ಎಂತ ಗೊತ್ತು? ಮಳೆಗಾಲದ ಥಂಡಿ ನರಕ್ಕೆ ಇಳಿದಿದೆ. ಮೈ ಕಾದ್ರೆ ಬಿಡ್ತದೆ."

ನಮ್ಮ ಕಡೆ ಮೈಕೈ ನೋವಿಗೂ ಬಿಸಿನೀರು, ಬಾಣಂತಿಗೂ ಬಿಸಿನೀರು, ಬೇಜಾರಿಗೂ ಬಿಸಿನೀರು. ಕಾಫಿಗಿಡದ ಒಣಕಟ್ಟಿಗೆ ಒಟ್ಟಿ ಹಂಡೆ ಕಾಯಿಸಿದರು. ತಲೆಗೆ ಎಣ್ಣೆ ತಟ್ಟಿ, ಬಚ್ಚಲಿನ ಬಾಗಿಲು ಹಾಕಿ, ಹಬೆಯಾಡುವ ನೀರನ್ನು ಚೊಂಬು ಚೊಂಬಾಗಿ ಹೊಯ್ದರು. ಸೀರೆ ಸುತ್ತಿಕೊಂಡು ಹೊರಗೆ ಬಂದ ಯಶೋದಾ ಗೋಡೆ ಹಿಡಿದು ಕುಸಿದಳು. ಎಡಗಣ್ಣಿನ ತುಂಬ ಮಂಜು. ಕ್ಯಾಲೆಂಡರ್ ಇಲ್ಲ, ಅಕ್ಷರ ಇಲ್ಲ.

"ಅತ್ತೆ, ಹೋಯ್ತು. ನನ್ನ ಕಣ್ಣು ಹೋಯ್ತು."

ಯಲ್ಲಮ್ಮ ಗಾಬರಿಯಲ್ಲಿ ಇನ್ನೊಂದು ಹಂಡೆ ಇಡಲು ಹೊರಟರು. ರವಿ ಸಿಸ್ಟರಿಗೆ ಫೋನ್ ಮಾಡಿ, ಹೆಂಡತಿ ದಿನವೂ ಕ್ಯಾಲೆಂಡರಿನ ಮುಂದೆ ನಿಲ್ಲುವುದನ್ನೂ ಸೇರಿಸಿ ಎಲ್ಲ ಹೇಳಿದ. ಅವರು ಸ್ಕೂಟಿ ನಿಲ್ಲಿಸಿ ಒಳಗೆ ಬಂದವರೇ ಒಲೆಯ ಸೌದೆ ಹೊರಗೆಳೆಸಿ ಬೆಂಕಿ ಆರಿಸಿದರು, ಯಶೋದಾಳನ್ನು ಗಾಳಿ ಬರುವ ಬಾಗಿಲಲ್ಲಿ ಕೂರಿಸಿದರು, ಕುತ್ತಿಗೆಗೆ ತಣ್ಣೀರಿನ ಬಟ್ಟೆ ಹಾಕಿ ಕುಡಿಯಲು ನೀರು ಕೊಟ್ಟರು.

"ಎದುರಿಗೆ ಆ ಹಲಸಿನ ಮರ ಇದ್ಯಲ್ಲ, ಅದನ್ನೇ ನೋಡ್ತಾ ಇರು. ಉಸಿರು ನಿಧಾನಕ್ಕೆ ಬಿಡು. ಮಾತು ಬೇಡ."

ಮೊದಲು ಮರದ ಕಾಂಡ ಕಂಡಿತು. ಆಮೇಲೆ ಕೊಂಬೆ. ಮೈ ತಣ್ಣಗಾಗುತ್ತ ಬಂದ ಹಾಗೆ ಎಲೆ ಎಲೆಯೂ ಬಿಡಿಬಿಡಿಯಾಗಿ ಕಂಡಿತು. ಯಶೋದಾ ಅತ್ತುಬಿಟ್ಟಳು.

"ಸುಲಿದ ನರಕ್ಕೆ ಶಾಖ ಆಗಲ್ಲ," ಎಂದರು ರೇವತಿ. "ಮೈ ಬಿಸಿಯಾದ್ರೆ ಮಂಜು ಬರ್ತದೆ, ತಣ್ಣಗಾದ್ರೆ ಹೋಗ್ತದೆ. ಅದು ಹೊಸ ಏಟಲ್ಲ. ಒಂದು ದಿನ ಕಳೆದ್ರೂ ಮಂಜು ಹೋಗಿಲ್ಲ, ಇಲ್ಲಾ ನೋವು ಬಂತು, ಕೈಕಾಲು ಜೋಮು ಹಿಡೀತು ಅಂದ್ರೆ ಮಾತ್ರ ಕಾಯಬೇಡ, ಡಾಕ್ಟ್ರ ಹತ್ರ ಓಡು. ಯಲ್ಲಮ್ಮಾ, ನಿಮ್ಮ ಹಂಡೆ ನಿಮಗೇ ಇರ್ಲಿ. ಇವಳಿಗೆ ಉಗುರುಬೆಚ್ಚಗೆ ಸಾಕು."

"ನಾನು ಒಳ್ಳೇದಕ್ಕೇ ಮಾಡಿದ್ದು," ಎಂದು ಯಲ್ಲಮ್ಮ ಮುಖ ಊದಿಸಿದರು.

"ಗೊತ್ತು. ಈಗ ಇನ್ನೊಂದು ಒಳ್ಳೇದು ಮಾಡಿ, ಆ ಕ್ಯಾಲೆಂಡರ್ ತೆಗೆದು ಪೆಟ್ಟಿಗೆಗೆ ಹಾಕಿ." ಆಮೇಲೆ ಯಶೋದಾಳ ಕಡೆ ತಿರುಗಿದರು. "ಕಣ್ಣಿಗೆ ಮದ್ದು ತಗೊಂಡೆ. ಈ ಹೆದರಿಕೆಗೆ ಎಂತಕ್ಕೆ ತಗೊಳ್ಳಲ್ಲ? ಈ ಕಾಯಿಲೆ ಇರೋ ಎಷ್ಟೋ ಜನಕ್ಕೆ ಇದೂ ಬರ್ತದೆ. ಡಾಕ್ಟ್ರಿಗೆ ಬಾಯಿಬಿಟ್ಟು ಹೇಳು. ಅಲ್ಲೀ ತನಕ ನಾಚಿಕೆ ಆದ್ರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ."

"ನಂಗೇನು ಹುಚ್ಚಾ ಸಿಸ್ಟ್ರೇ?"

"ಕಾಲು ಉಳುಕಿದ್ರೆ ತೋರಿಸ್ತೀಯಲ್ಲ, ಅವಾಗ ಕುಂಟಿ ಅಂತ ಯಾರಾದ್ರೂ ಅಂದ್ರಾ?"

ಅವಳು ಫೋನ್ ಮಾಡಿದಳು. ಡಾಕ್ಟರಿಗೂ ಹೇಳಿದಳು. ಪಲ್ಪರ್ ಶುರುವಾದ ದಿನ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಯಲ್ಲಮ್ಮ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ಹೆಕ್ಕಲು ಕೂತರು. ನಂದನ್ ಅನುಮಾನದಿಂದ ಅಲ್ಲೇ ಸುಳಿದಾಡುತ್ತಿದ್ದ. ಅವಳೋ ಕಣ್ಣಿಗೆ ಗೊತ್ತಾಗದ್ದನ್ನು ಬೆರಳಿಗೆ ಬಿಟ್ಟಳು. ಒತ್ತಿದರೆ ಮೆತ್ತಗಿದ್ದದ್ದು ಹಣ್ಣು, ಕಲ್ಲಿನಂತಿದ್ದದ್ದು ಕಾಯಿ.

ನಡುಮಧ್ಯಾಹ್ನ ಬಿಸಿಲು ಟಾರ್ಪಾಲಿಗೆ ಬಂತು. ಜೊತೆಗೆ ಮಂಜೂ ಬಂತು. ಕೈ ನಿಂತಿತು, ಎದೆ ಹಳೇ ಚಾಳಿಗೆ ಡವಗುಟ್ಟಿತು. ನಂದನ್ ನೋಡುತ್ತಿದ್ದ. ಯಶೋದಾ ಒಂದು ಉದ್ದನೆಯ ಉಸಿರು ಬಿಟ್ಟು ಎದ್ದಳು.

"ರೈಟ್ರೇ, ಬಿಸಿಲಿಗೆ ಕಣ್ಣು ಮಂಜಾಗಿದೆ. ನೆರಳಲ್ಲಿ ಸ್ವಲ್ಪ ಕೂತು ಬರ್ತೀನಿ. ನನ್ನ ಜಾಗದಲ್ಲಿ ಯಾರೂ ಕೂರಬಾರ್ದು."

ನಂದನ್ ಬಾಯಿ ತೆರೆಯುವ ಮೊದಲೇ ಯಲ್ಲಮ್ಮ ಎದ್ದು ನಿಂತರು. "ನೋಡ್ತಾ ನಿಂತ್ಯಲ್ಲ ಮಾರಾಯ, ಟಾರ್ಪಾಲನ್ನೇ ನೆರಳಿಗೆ ಎಳಿ. ನರಕ್ಕೆ ಶಾಖ ಆಗಲ್ಲ ಅಂತ ಅಷ್ಟೂ ಗೊತ್ತಿಲ್ವಾ ನಿಂಗೆ?"

ಹೆಂಗಸರೆಲ್ಲ ನಗುತ್ತ ಮೂಲೆಮೂಲೆ ಹಿಡಿದು ರಾಶಿ ಸಮೇತ ಎಳೆದರು. ನಂದನ್ ಕೂಡ ಒಂದು ಮೂಲೆ ಹಿಡಿದ. ಮರದ ಬುಡದಲ್ಲಿ ನೀರು ಕುಡಿದು ಕೂತಿದ್ದ ಯಶೋದಾಳ ಮುಂದೆ ರಾಶಿಯ ಕೆಂಪು ನಿಧಾನವಾಗಿ ಮರಳಿ ಬಂತು. ಅವಳು ಸರಿದು ತನ್ನ ಜಾಗದಲ್ಲಿ ಕೂತು ಕೈ ಹಾಕಿದಳು.

ಸಂಜೆ, ಯಶೋದಾ ಉಳಿದವರದ್ದನ್ನು ನೋಡುವ ಮೊದಲೇ, ನಂದನ್ ಬೇಕೆಂದೇ ಪ್ರತಿಯೊಬ್ಬರು ಹೆಕ್ಕಿದ ರಾಶಿಯನ್ನೂ ಕೆದಕಿ ನೋಡಿದ. ಯಶೋದಾಳದರಲ್ಲಿ ಕಾಯಿ ಸಿಗಲಿಲ್ಲ. ಯಲ್ಲಮ್ಮನದರಲ್ಲಿ ಬೇಕಾದಷ್ಟು ಸಿಕ್ಕಿತು. "ನಾನು ಹೆಕ್ಕೋಕೆ ಬಂದಿದ್ದಲ್ಲ, ಸೊಸೇನ ನೋಡ್ಕೊಳ್ಳೋಕೆ ಬಂದಿದ್ದು" ಎಂದು ಆಯಮ್ಮ ಸೆರಗು ಕೊಡವಿ ಎದ್ದರು.

ಈಗ ನಿಮಗೆ ಹೇಳುವುದಿಷ್ಟೇ. ಒಂದು ಕಣ್ಣು ಮಸುಕಾಗಿ, ಹೊರಳಿಸಿದರೆ ನೋವಾಗಿ, ಕೆಂಪು ಬಣ್ಣ ಮಾಸಲಾಗಿ ಕಂಡರೆ ಮೆಣಸಿನಕಾಯಿ ಸುಡುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಎಂಎಸ್ ಇರುವವರಿದ್ದರೆ ಮದ್ದು ನಿಲ್ಲಿಸಲು ಬಿಡಬೇಡಿ, ಮೈ ಕಾಯಿಸಬೇಡಿ. ಅವರ ಹೆದರಿಕೆಯನ್ನು ನಾಟಕ ಎನ್ನಬೇಡಿ, ಅದಕ್ಕೂ ಚಿಕಿತ್ಸೆ ಇದೆ. ಕೇಳಿ ಸುಮ್ಮನಾಗಿ ಫೋನ್ ಒಳಗಿಟ್ಟರೆ ಈ ಕಥೆ ನಿಮ್ಮ ಹತ್ತಿರವೇ ಕೊಳೆಯುತ್ತದೆ. ಸಂಸೆಗೆ, ಕಳಸಕ್ಕೆ, ನಿಮ್ಮ ಸಂಘದ ಹೆಂಗಸರಿಗೆ ಈಗಲೇ ಕಳಿಸಿ. ಯಾವುದೋ ಲೈನುಮನೆಯಲ್ಲಿ ಇನ್ನೊಬ್ಬಳು ಕ್ಯಾಲೆಂಡರಿನ ಮುಂದೆ ನಿಂತಿರುತ್ತಾಳೆ, ಅವಳಿಗೆ ಇದು ತಲುಪಬೇಕು.