ಬಂಡೆಹಟ್ಟಿ ತಪ್ಪಿಸುವ ದಾರಿ

ಹನುಮಂತರಾಯ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಇಪ್ಪತ್ತು ವರ್ಷ ಚಳ್ಳಕೆರೆಯಿಂದ ಮೊಳಕಾಲ್ಮೂರು ಕಡೆಯ ಒಳದಾರಿಗಳಲ್ಲೇ ಕಳೆದಿದ್ದ. ಯಾವ ತಿರುವಿನಲ್ಲಿ ಹುಣಸೆಮರವಿದೆ, ಯಾವ ಊರಿನ ನೀರು ಸಿಹಿ, ಯಾವ ಹಳ್ಳ ಮಳೆ ಬಂದರೆ ಅರ್ಧ ದಿನ ದಾಟಲು ಬಿಡುವುದಿಲ್ಲ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ನಿವೃತ್ತನಾದ ಮೇಲೆ ಆ ತಿಳಿವಳಿಕೆ ಯಾರಿಗೂ ಬೇಕಾಗಿರಲಿಲ್ಲ. ಹೆಂಡತಿ ರೇಣುಕಮ್ಮನಿಗಂತೂ ಕೇಳಿ ಕೇಳಿ ಸಾಕಾಗಿತ್ತು.

ಆಷಾಢದ ಒಂದು ಸಂಜೆ ಇಬ್ಬರು ಅವನ ಮನೆ ಹುಡುಕಿಕೊಂಡು ಬಂದರು. ಒಬ್ಬ ಎಣ್ಣೆ ಮಿಲ್ಲಿನ ಮುರುಗೇಶ್, ನಲವತ್ತು ದಾಟಿದ ಮೇಲೆ ಸೈಕಲ್ಲಿನ ಹುಚ್ಚು ಹಿಡಿಸಿಕೊಂಡವನು. ಇನ್ನೊಬ್ಬಳು ಹೈಸ್ಕೂಲಿನ ಪಿ.ಟಿ. ಮೇಡಂ ನಿರ್ಮಲಾ. ಭಾನುವಾರ ಬಂತೆಂದರೆ ಇವರ ಗುಂಪಿನ ಎಂಟು ಜನ ಹೆದ್ದಾರಿಯಲ್ಲಿ ತಳಕಿನವರೆಗೆ ಸೈಕಲ್ ತುಳಿದು, ಲಾರಿಗಳ ಗಾಳಿಗೆ ತತ್ತರಿಸಿ ವಾಪಸ್ಸಾಗುತ್ತಿದ್ದರು. ಶ್ರಾವಣದಲ್ಲಿ ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಅರವತ್ತು ಸವಾರರು ಬರುವವರಿದ್ದರು. ಅವರಿಗಾಗಿ ಲಾರಿಗಳ ಕಾಟವಿಲ್ಲದ, ಗುಡ್ಡ ಬಯಲು ಎರಡೂ ಸಿಗುವ ನೂರಿಪ್ಪತ್ತು ಕಿಲೋಮೀಟರಿನ ದಾರಿ ಬೇಕಿತ್ತು. ಫೋನು ತೋರಿಸಿದ ದಾರಿ ನಂಬಿ ಒಮ್ಮೆ ಶೇಂಗಾ ಹೊಲದ ಬದುವಿನ ಮೇಲೂ, ಇನ್ನೊಮ್ಮೆ ಜಾಲಿ ಮೆಳೆಯೊಳಗೂ ಹೋಗಿ ನಿಂತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನವೂ ಇವನ ಬಸ್ಸಿನಲ್ಲಿ ಓಡಾಡಿದ್ದ ನಿರ್ಮಲಾಗೆ ಆಗ ಹನುಮಂತರಾಯನ ನೆನಪಾಗಿತ್ತು.

ಹನುಮಂತರಾಯ ಅಷ್ಟು ಖುಷಿಯಾಗಿದ್ದನ್ನು ರೇಣುಕಮ್ಮ ಈಚೆಗೆ ನೋಡಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು, ಅದರ ಬೆನ್ನಿಗೆ ದಾರಿ ಬರೆದ. ತಳಕಿನ ಹತ್ತಿರ ಹೆದ್ದಾರಿ ಬಿಡುವುದು, ಗುಡ್ಡದ ಬುಡ ಹಿಡಿದು ಮೊಳಕಾಲ್ಮೂರು ಸೇರುವುದು, ಅಲ್ಲಿಂದ ದೇವಸಮುದ್ರ, ಬರುವಾಗ ಬೇರೆ ದಾರಿ. ಎಲ್ಲಿ ಟೀ, ಎಲ್ಲಿ ನೆರಳು ಎನ್ನುವುದನ್ನೂ ಗುರುತು ಹಾಕಿದ. ನಿರ್ಮಲಾ ಅದನ್ನು ಫೋನಿನ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದಳು. ಬರುವ ದಾರಿ ಒಂದು ಕಡೆ ಸುಮ್ಮನೆ ಆರು ಕಿಲೋಮೀಟರು ಸುತ್ತು ಹಾಕಿತ್ತು. ನಡುವೆ ಬಂಡೆಹಟ್ಟಿ ಎನ್ನುವ ಸಣ್ಣ ಊರಿನ ಮೂಲಕ ನೇರ ರಸ್ತೆಯಿದೆಯಲ್ಲ ಎಂದು ಕೇಳಿದಳು. ಅದು ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಹನುಮಂತರಾಯ ಹಾಳೆ ಮಡಚಿದ.

ಮುಂದಿನ ಭಾನುವಾರ ದಾರಿ ಪರೀಕ್ಷೆಗೆ ಮೂವರೇ ಹೊರಟರು. ಮುರುಗೇಶ್ ತನ್ನದೇ ಇನ್ನೊಂದು ಗೇರ್ ಸೈಕಲ್ ತಂದುಕೊಟ್ಟಿದ್ದ. ಚಡ್ಡಿ ಮಾತ್ರ ಆಗುವುದಿಲ್ಲವೆಂದು ಹನುಮಂತರಾಯ ಹಟ ಹಿಡಿದು, ಖಾಕಿ ಪ್ಯಾಂಟಿನ ಕಾಲುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡ. ಮೊದಲ ಐದು ಮೈಲಿ ಸೈಕಲ್ಲು ಅವನ ಮಾತು ಕೇಳಲಿಲ್ಲ. ಆಮೇಲೆ ಗೇರಿನ ಮರ್ಮ ತಿಳಿಯಿತು ನೋಡಿ, ಅರವತ್ತೊಂದರ ಆ ಮನುಷ್ಯ ಮುಂದೆ ಮುಂದೆ ಹೋಗತೊಡಗಿದ.

ಬಸ್ಸಿನಲ್ಲಿ ಸಾವಿರಾರು ಸಲ ಹಾದ ದಾರಿ ಅದು. ಆದರೆ ಆಗೆಲ್ಲ ಅವನ ಕಣ್ಣು ಬಸ್ಸಿನೊಳಗಿನ ಜನರ ಮೇಲಿರುತ್ತಿತ್ತು. ಈಗ ಹೂವಿಗೆ ಬಂದ ಶೇಂಗಾ ಬಯಲು ಎರಡೂ ಕಡೆ ಹರಡಿಕೊಂಡಿತ್ತು, ಕಿವಿಗೆ ಗಾಳಿಯ ಸದ್ದು ಬಿಟ್ಟರೆ ಗೌಜಲಹಕ್ಕಿಗಳ ಕೂಗು ಮಾತ್ರ. ಮೊಳಕಾಲ್ಮೂರು ಹತ್ತಿರವಾದಂತೆ ಗುಡ್ಡಗಳು ಎದ್ದವು, ಬಂಡೆಯ ಮೇಲೆ ಬಂಡೆ. ಈ ಕಲ್ಲೆಲ್ಲ ಭೂಮಿಯ ಬೆಂಕಿಯಿಂದ ಹುಟ್ಟಿದ್ದು, ಒಂದು ಕಾಲಕ್ಕೆ ಬೆಲ್ಲದ ಪಾಕದ ಹಾಗೆ ಕುದಿಯುತ್ತಿತ್ತಂತೆ ಎಂದು ಮುರುಗೇಶ್ ಏರು ಹತ್ತುತ್ತಾ ಏದುಸಿರಿನಲ್ಲೇ ವಿವರಿಸಿದ.

"ಚೈತ್ರದಾಗೆ ಬಂದು ಒಂದ್ಸಲ ಮುಟ್ಟಿ ನೋಡ್ರಿ," ಎಂದ ಹನುಮಂತರಾಯ. "ಇನ್ನೂ ಆರಿಲ್ಲ."

ದೇವಸಮುದ್ರದಲ್ಲಿ ಮಂಡಕ್ಕಿ, ಮಿರ್ಚಿ ತಿಂದು ತಿರುಗಿದಾಗ ಗಾಳಿ ಎದುರಾಯಿತು. ಆಷಾಢದ ಗಾಳಿ ಎಂದರೆ ಎದೆಗೆ ಕೈಕೊಟ್ಟು ತಳ್ಳಿದ ಹಾಗೆ. ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು, ಮುಂದಾಳು ದಣಿದಾಗ ಹಿಂದಿನವರು ಮುಂದೆ ಬಂದು, ಹೇಗೋ ಸುತ್ತುದಾರಿಯ ಬಾಯಿಗೆ ಬಂದರೆ ರಸ್ತೆಯನ್ನೇ ಅಗೆದು ಹಾಕಿದ್ದರು. ನೀರಿನ ಪೈಪಿಗೆ ತೋಡಿದ ಗುಂಡಿ ಕಣ್ಣು ಹಾಯುವಷ್ಟು ದೂರ ಇತ್ತು. ಹಿಂದಕ್ಕೆ ಹೋಗಿ ಹೆದ್ದಾರಿ ಹಿಡಿಯೋಣ, ಹದಿನೆಂಟೇ ಕಿಲೋಮೀಟರು ಎಂದು ಹನುಮಂತರಾಯ ಹೇಳಿ ನೋಡಿದ. ನಿರ್ಮಲಾ ಬಂಡೆಹಟ್ಟಿಯ ಕಡೆಗೆ ಸೈಕಲ್ ತಿರುಗಿಸಿದಳು.

ಆ ರಸ್ತೆ ಕೈಯಲ್ಲಿ ಸವರಿದಷ್ಟು ನುಣುಪಾಗಿತ್ತು. ಇಬ್ಬರೂ ಅವನ ಮುಖ ನೋಡಿದರು. ಅವನು ಹೆಲ್ಮೆಟ್ಟನ್ನು ಹುಬ್ಬಿನವರೆಗೆ ಇಳಿಸಿಕೊಂಡು ತುಳಿದ.

ಹಟ್ಟಿಯ ನಡುವೆ ಬೇವಿನ ಕಟ್ಟೆ. ಅಲ್ಲಿ ಎಪ್ಪತ್ತರ ಹತ್ತಿರದ ಜೋಗಮ್ಮ ಎಂಬ ಹೆಂಗಸು ಉಣ್ಣೆ ನೂಲುತ್ತಾ ಕೂತಿದ್ದಳು. ಅವಳನ್ನು ನೋಡಿದ್ದೇ ಹನುಮಂತರಾಯ ತಲೆ ತಗ್ಗಿಸಿ, ನಿಲ್ಲದೆ ಹೋಗಿಬಿಡೋಣವೆಂದು ಸನ್ನೆ ಮಾಡಿದ. ಅಷ್ಟರಲ್ಲಿ ಪಕ್ಕದ ಕಣದಿಂದ ಟ್ರ್ಯಾಕ್ಟರೊಂದು ಹಿಂದು ಹಿಂದಾಗಿ ರಸ್ತೆಗೆ ಬಂತು, ನೇರ ಮುರುಗೇಶನ ಮೇಲೆ.

"ಹೋಲ್ಡಾನ್!"

ಮೂವತ್ತೊಂದು ವರ್ಷ ಬಸ್ಸು ನಿಲ್ಲಿಸಿದ ಗಂಟಲು ಅದು. ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಕಟ್ಟೆಯ ಮೇಲಿನ ಹೆಂಗಸಿನ ಕೈಯೂ ನಿಂತಿತು.

"ಏಮಯ್ಯಾ ಕಂಡಕ್ಟ್ರೂ," ಎಂದಳು ಜೋಗಮ್ಮ. "ತಲೆಗೆ ಬುಟ್ಟಿ ಮಗಚಿಕೊಂಡ್ರೆ ನನಗೆ ಗೊತ್ತಾಗಲ್ಲ ಅಂದ್ಕೊಂಡಾ?"

ಹನುಮಂತರಾಯ ಸೈಕಲ್ಲಿಂದ ಇಳಿದ. ಮುರುಗೇಶ್ ಏನೆಂದು ಕೇಳಿದಾಗ ತಾನೇ ಹೇಳಿದ. ಹದಿನೆಂಟು ವರ್ಷದ ಹಿಂದಿನ ಮಾತು. ಒಂದು ಮಳೆಗಾಲದ ಸಂಜೆ ಜೋಗಮ್ಮ ಆಗತಾನೆ ಹುಟ್ಟಿದ ಕುರಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದಳು. ಮುಂದಿನ ಊರಿನಲ್ಲಿ ಚೆಕಿಂಗಿನವರು ಇದ್ದಾರೆಂದು ಯಾರೋ ಹೇಳಿದ್ದರು. ಬಸ್ಸಿನಲ್ಲಿ ಮರಿ ಕಂಡರೆ ಕಂಡಕ್ಟರಿಗೇ ದಂಡ. ಡ್ರೈವರ್ ಇರಲಿ ಬಿಡು ಎಂದರೂ ಇವನು ಕೇಳದೆ, ಕುರಿ ಕಾಯುವವರಿಗೆಲ್ಲ ಬಸ್ಸು ಯಾಕೆ ಎಂದು ಎಲ್ಲರೆದುರು ಬೈದು ಅವಳನ್ನು ನಡುದಾರಿಯಲ್ಲಿ ಇಳಿಸಿದ್ದ. ಚೆಕಿಂಗಿನವರು ಅಂದು ಬರಲೇ ಇಲ್ಲ. ಇವನಪ್ಪನೂ ಕುರಿ ಕಾದವನೇ. ಅಂದಿನ ರಾತ್ರಿ ಇವನಿಗೆ ಊಟ ಸೇರಿರಲಿಲ್ಲ. ಬೇರೆ ದಾರಿಯ ಡ್ಯೂಟಿ ಕೇಳಿ ಹಾಕಿಸಿಕೊಂಡ ಮೇಲೆ ಈ ಊರಿಗೆ ಕಾಲಿಟ್ಟಿರಲಿಲ್ಲ.

"ತಪ್ಪಾತು ಜೋಗವ್ವ," ಎಂದ. "ಅವತ್ತೇ ಬಂದು ಹೇಳ್ಬೇಕಿತ್ತು. ಮುಖ ಇರ್ಲಿಲ್ಲ."

ಜೋಗಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಡೆದಿದ್ದಕ್ಕೆ ಬೇಜಾರಿಲ್ಲ ಕಣಪ್ಪಾ. ದಿನಾ ನಡೆಯೋರು ನಾವು. ನಮ್ಮ ಪೈಕಿಯೋನೇ ಆಗಿ ಆ ಮಾತು ಅಂದ್ಯಲ್ಲ, ಅದು ಉರೀತಿತ್ತು. ಈಗ ನಿನ್ನೆದುರೇ ಅಂದ್ಬಿಟ್ಟೆ, ಹೋಗ್ಲಿ."

"ಮರಿ ಬದುಕ್ತಾ?"

"ಬದುಕ್ತು. ಆಮೇಲೆ ದೀಪಾವಳಿ ಹೊತ್ತಿಗೆ ತೋಳ ಹೊತ್ಕೊಂಡೋತು. ಅದಕ್ಕೂ ನಿನ್ನೇ ಬೈದೆ."

ಮುರುಗೇಶನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕಿದ್ದೇ ಜೋಗಮ್ಮನೂ ನಕ್ಕಳು. ಅಷ್ಟು ಹೊತ್ತಿಗೆ ಅರ್ಧ ಹಟ್ಟಿ ಅಲ್ಲಿ ಸೇರಿತ್ತು. ಈ ಕತೆ ಹದಿನೆಂಟು ವರ್ಷದಿಂದ ಅಲ್ಲಿ ಮನೆಮನೆಯ ಮಾತಾಗಿತ್ತಂತೆ. ಮರಿ ಇಳಿಸಿದ ಕಂಡಕ್ಟರನ್ನು ನೋಡಲು ಬಾಣಂತಿಯೊಬ್ಬಳು ಬಾಗಿಲಿಗೆ ಬಂದು ನಿಂತಳು. ಕತೆಯಲ್ಲಿ ಇವನು ಇನ್ನೂ ಎತ್ತರ ಇದ್ದ ಎಂದು ಮುದುಕನೊಬ್ಬ ತಕರಾರು ತೆಗೆದ. ನಾಚಿಕೆಯಿಂದ ಕುಗ್ಗಿ ಹೋಗಬೇಕಿದ್ದ ಹನುಮಂತರಾಯನಿಗೆ ಯಾಕೋ ಮೈ ಹಗುರವಾಗುತ್ತಿತ್ತು.

ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಚೊಂಬು ತುಂಬ ಮಜ್ಜಿಗೆ ಬಂತು. ಶ್ರಾವಣದಲ್ಲಿ ಎಷ್ಟು ಜನ ಬರುತ್ತೀರಿ ಎಂದು ಜೋಗಮ್ಮ ನಿರ್ಮಲಾಳನ್ನು ವಿಚಾರಿಸಿದಳು. ಅರವತ್ತು ಎಂದಾಗ, ಮಜ್ಜಿಗೆ ಹಟ್ಟಿಯದು, ಆದರೆ ಒಬ್ಬರೂ ಇಳಿಯದೆ ಮುಂದಕ್ಕೆ ಹೋಗಕೂಡದು ಎಂದು ಷರತ್ತು ಹಾಕಿದಳು. ನಿರ್ಮಲಾ ಅಲ್ಲೇ ಕ್ಯಾಲೆಂಡರಿನ ಹಾಳೆ ಬಿಚ್ಚಿ, ಸುತ್ತುದಾರಿಯನ್ನು ಹೊಡೆದು ಹಾಕಿ, ನೇರ ಗೆರೆ ಎಳೆದಳು.

ಶ್ರಾವಣದ ಆ ಭಾನುವಾರ ಅರವತ್ತಲ್ಲ, ಎಪ್ಪತ್ತೆರಡು ಸೈಕಲ್ಲುಗಳು ಬಂದವು. ದಾವಣಗೆರೆಯವರು ಗುಡ್ಡ ಹೊಗಳಿದರು, ಚಿತ್ರದುರ್ಗದವರು ರಸ್ತೆ ಹೊಗಳಿದರು, ಎಲ್ಲರೂ ಮಜ್ಜಿಗೆ ಹೊಗಳಿದರು. ಮಜ್ಜಿಗೆ ಮುಗಿದು ಇನ್ನೊಂದು ಕೊಡ ಬರುವವರೆಗೆ ಜೋಗಮ್ಮ ಹನುಮಂತರಾಯನನ್ನು ಬಿಡಲಿಲ್ಲವಾದ್ದರಿಂದ ಅವನು ಎಲ್ಲರಿಗಿಂತ ಕೊನೆಗೆ, ಮಧ್ಯಾಹ್ನ ಎರಡೂವರೆಗೆ ಚಳ್ಳಕೆರೆ ಮುಟ್ಟಿದ. ತೊಡೆಗಳು ಕಲ್ಲಾಗಿದ್ದವು. ಉಂಡು ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದು, ಕ್ಯಾಲೆಂಡರಿನಲ್ಲಿ ಇನ್ನೊಂದು ಹಳೆಯ ಹಾಳೆ ಇದೆಯೇ ಎಂದು ರೇಣುಕಮ್ಮನನ್ನು ಕೇಳಿದ. ರಾಯದುರ್ಗದ ಕಡೆಗೂ ಒಂದು ಒಳದಾರಿ ಇತ್ತು.